ಇಲ್ಲದ ಆಸ್ತಿಗೊಂದು ಕರಾರು

“ಕುಕ್ಕರ್ ರಿಪೇರಿ ಮಾಡೋನಿಗೂ ಒಂದು ಅಂತಸ್ತು ಅಂತ ಇರಬಾರದಾ?”

ಪೆದ್ರಾ ಮಾನ್ಸಾ ಊರಿನ ನೋಂದಣಿ ಕಚೇರಿಯ ಸಾಲಿನಲ್ಲಿ ನಿಂತು ಜೆರ್ವಾಸಿಯೊ ಈ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಿದ. ಯಾರನ್ನು ಕೇಳಿದೆನೆಂದು ಅವನಿಗೂ ಗೊತ್ತಿರಲಿಲ್ಲ. ಎದುರಿಗಿದ್ದದ್ದು ಗೋಡೆ, ಗೋಡೆಯ ಮೇಲಿದ್ದದ್ದು ಸಂತ ಇವೊನ ಪಟ. ಬಡವರ ಪರವಾಗಿ ಜೀವನವಿಡೀ ವಾದಿಸಿದ ಪುಣ್ಯಾತ್ಮ ಆತ. ಆದರೆ ತಾನು ಬಡವನಲ್ಲವೆಂದು ತೋರಿಸಿಕೊಳ್ಳಲು ಹೊರಟವನಿಗೆ ಆತನಾದರೂ ಏನು ಹೇಳಿಯಾನು?

ಆಗಿದ್ದಿಷ್ಟೆ. ಸಾಲಿನಲ್ಲಿ ಜೆರ್ವಾಸಿಯೊನ ಮುಂದಿದ್ದವನು ಕಾಫಿ ತೋಟದ ಯಜಮಾನರ ಮಗ. ಅವನೂ ಮದುವೆಯ ನೋಂದಣಿಗೇ ಬಂದಿದ್ದ. ಆಸ್ತಿಯ ಪ್ರಶ್ನೆ ಬಂದಾಗ ಕೈಗಡಿಯಾರ ನೋಡಿಕೊಳ್ಳುತ್ತ, “ಅವಳದು ಅವಳಿಗೆ, ನಂದು ನನಗೆ. ಮದುವೆಗೆ ಮುಂಚೆ ಕರಾರು ಪತ್ರ ಆಗಬೇಕು” ಎಂದ. ಅಷ್ಟಕ್ಕೇ ನೋಂದಣಿ ಅಧಿಕಾರಿ ಸೆಯು ಒನೊರಾತು ಎದ್ದು ನಿಂತುಬಿಟ್ಟರು. ಒಳಗಿನಿಂದ ಮೆತ್ತೆಯ ಕುರ್ಚಿ ಬಂತು. ಚಿನ್ನದ ಅಂಚಿನ ಬಟ್ಟಲಲ್ಲಿ ಕಾಫಿ ಬಂತು. ಹೊರಡುವಾಗ ಬಾಗಿಲವರೆಗೂ ಬೀಳ್ಕೊಡುಗೆ ನಡೆಯಿತು.

ಜೆರ್ವಾಸಿಯೊನ ಸರದಿ ಬಂದಾಗ ಅವರು ತಲೆಯನ್ನೇ ಎತ್ತಲಿಲ್ಲ.

“ಹೆಸರು?”

“ಜೆರ್ವಾಸಿಯೊ.”

“ಹುಡುಗಿ?”

“ಇವೊನೆಚಿ. ಹುಡುಗಿ ಅಲ್ಲ, ವಿಧವೆ. ಚೀಸ್ ಬನ್ನು ಮಾಡಿ ಮಾರ್ತಾಳೆ.”

“ಎಲ್ಲಿ ಅವಳು?”

“ಬನ್ನು ಒಲೆಯಲ್ಲಿದೆ. ರುಜು ಹಾಕೋಕೆ ಆಮೇಲೆ ಬರ್ತಾಳೆ.”

“ಆಸ್ತಿ ವಿಷಯ ಮಾಮೂಲಿ ತಾನೆ?”

ಮಾಮೂಲಿ ಎಂದರೆ, ಮದುವೆಗೆ ಮುಂಚೆ ಇದ್ದದ್ದು ಅವರವರದು, ಆಮೇಲೆ ಸಂಪಾದಿಸಿದ್ದು ಇಬ್ಬರದೂ. ಊರಿನಲ್ಲಿ ಎಲ್ಲರೂ ಮದುವೆಯಾಗುವುದು ಹೀಗೆಯೇ. ಇದಕ್ಕೆ ಕರಾರು ಬೇಡ, ಕುರ್ಚಿ ಬೇಡ, ಕಾಫಿಯಂತೂ ಇಲ್ಲವೇ ಇಲ್ಲ. ಆದರೆ ಆ ಒಂದು ಮಾತು ಜೆರ್ವಾಸಿಯೊನ ಎದೆಗೆ ಹೋಗಿ ನಾಟಿತು. ನಲವತ್ತೆಂಟು ವರ್ಷ ಮಾಮೂಲಿಯಾಗಿ ಬದುಕಿದವನು, ಮದುವೆಯ ವಿಷಯದಲ್ಲಾದರೂ ಮಾಮೂಲಿಯಲ್ಲದೆ ಇರಬಾರದೇ?

“ಮಾಮೂಲಿ ಅಂತ ಯಾರು ಹೇಳಿದ್ದು? ನಮ್ಮದೂ ಬೇರೆ ಬೇರೆ. ಪೂರ್ತಿ ಬೇರೆ. ಕರಾರು ಪತ್ರ ಆಗಬೇಕು.”

ಸೆಯು ಒನೊರಾತು ಅವರ ತಲೆ ನಿಧಾನವಾಗಿ ಮೇಲೆ ಬಂತು, ಕನ್ನಡಕ ನಿಧಾನವಾಗಿ ಕೆಳಗಿಳಿಯಿತು. ಅವರು ಜೆರ್ವಾಸಿಯೊನ ಮುಖ ನೋಡಿದರು, ಮೆಟ್ಟು ನೋಡಿದರು, ಮತ್ತೆ ಮುಖ ನೋಡಿದರು. ಕುರ್ಚಿ ಬಂತು. ಕಾಫಿಯೂ ಬಂತು. ಕಾಫಿ ಎಷ್ಟು ರುಚಿಯಾಗಿತ್ತೆಂದರೆ, ಮದುಮಗಳನ್ನು ಒಂದು ಮಾತು ಕೇಳಬೇಕಿತ್ತೆಂಬುದು ಅವನಿಗೆ ಕೊನೆಯ ಗುಟುಕಿನವರೆಗೂ ನೆನಪಾಗಲಿಲ್ಲ.

ಅವನ ಹಿಂದೆ ನಿಂತಿದ್ದವರು ದೊನಾ ಜೆನೊವೇವಾ. ಬೀದಿಯ ಜಪಸರದ ಕೂಟಕ್ಕೆ ಅವರೇ ಮುಂದಾಳು. ದೇವರ ಸ್ಮರಣೆಯಲ್ಲಿ ಅವರ ನಾಲಿಗೆ ಎಷ್ಟು ಚುರುಕೋ, ಮಿಕ್ಕ ವಿಷಯಗಳಲ್ಲಿ ಕಿವಿ ಅಷ್ಟೇ ಚುರುಕು. ತಾವು ಬಂದ ಕೆಲಸ ಬಿಟ್ಟು ಅವರು ನೆಟ್ಟಗೆ ಮನೆಗೆ ನಡೆದರು. ಆ ಸಂಜೆ ಜಪದಲ್ಲಿ ಧ್ಯಾನಿಸುವ ಎರಡನೇ ರಹಸ್ಯಕ್ಕೂ ಮೂರನೇ ರಹಸ್ಯಕ್ಕೂ ನಡುವೆ, ಮಣಿಯನ್ನು ಬೆರಳಲ್ಲೇ ಹಿಡಿದುಕೊಂಡು, “ಕುಕ್ಕರ್ ಜೆರ್ವಾಸಿಯೊ ಮದುವೆಗೆ ಮುಂಚೆ ಕರಾರು ಬರೆಸ್ತಾ ಇದಾನೆ” ಎಂದರು.

ಕೂಟದ ಹೆಂಗಸರು ಜಪ ಮರೆತರು.

“ಅವನ ಹತ್ರ ಏನಿದೆ ಅಂತ?”

“ಅದನ್ನೇ ನಾನೂ ಕೇಳ್ತಿರೋದು ಕಣ್ರೇ. ಪೆಟ್ಟಿಗೆ ಇಲ್ಲದೋನು ಯಾವತ್ತಾದ್ರೂ ಬೀಗ ಕೊಂಡಿದ್ದುಂಟಾ? ಹೋದ ಮಳೆಗಾಲದಲ್ಲಿ ಅವನ ಮನೆಯೊಡೆಯ ಬೆಲಾರ್ಮಿನು ಹಿತ್ತಲಲ್ಲಿ ಬಚ್ಚಲ ಗುಂಡಿ ತೋಡಿದ್ದು ಯಾರು?”

“ಜೆರ್ವಾಸಿಯೊ.”

“ಗುಂಡಿಯಿಂದ ಮೇಲೆ ಬಂದಾಗ ನಗ್ತಾ ಇದ್ದಿದ್ದು ಯಾರು?”

“ಜೆರ್ವಾಸಿಯೊ!”

“ಬಚ್ಚಲ ಗುಂಡಿ ತೋಡಿದೋನು ನಗೋಕೆ ಏನಮ್ಮ ಕಾರಣ?”

ಕಾರಣ ಎಲ್ಲರಿಗೂ ಹೊಳೆದಿತ್ತು. ಪೆದ್ರಾ ಮಾನ್ಸಾದ ಮಣ್ಣಿನಲ್ಲಿ ಎಲ್ಲೋ ಯಾರಿಗೋ ಬೆಲೆಬಾಳುವ ನೀಲಿ ಕಲ್ಲು ಸಿಗುತ್ತದೆ. ಸಿಕ್ಕವನು ಸಿಕ್ಕಿತೆಂದು ಹೇಳಿದ್ದು ಊರಿನ ಇತಿಹಾಸದಲ್ಲೇ ಇಲ್ಲ. ಒಬ್ಬ “ಏನೂ ಸಿಗಲಿಲ್ಲಪ್ಪ” ಎನ್ನುತ್ತಲೇ ಎರಡಂತಸ್ತಿನ ಮನೆ ಕಟ್ಟಿದ. ಇನ್ನೊಬ್ಬ “ನನ್ನ ಹಣೇಲಿ ಬರೆದಿಲ್ಲ” ಎಂದು ಕಣ್ಣೀರಿಟ್ಟು ಲಾರಿ ಕೊಂಡ. ಹೀಗಾಗಿ ಈ ಊರಿನಲ್ಲಿ ‘ಇಲ್ಲ’ ಎಂದವನ ಕಡೆಗೇ ಜನ ಎರಡು ಸಲ ನೋಡುತ್ತಾರೆ. ಜೋರಾಗಿ ‘ಇಲ್ಲ’ ಎಂದರಂತೂ ಎದ್ದು ನಿಲ್ಲುತ್ತಾರೆ.

ಮರುದಿನ ಬೆಳಿಗ್ಗೆ ಜೆರ್ವಾಸಿಯೊ ಬೀದಿಗಿಳಿದಾಗ ಅವನ ಹೆಸರಿನ ಮುಂದೆ ಮರ್ಯಾದೆಯ ಒಂದು ‘ಸೆಯು’ ಬಂದು ಕುಳಿತಿತ್ತು. ನಿನ್ನೆಯವರೆಗೆ “ಏಯ್ ಕುಕ್ಕರ್” ಎನ್ನುತ್ತಿದ್ದ ಕಟುಕ, “ಸೆಯು ಜೆರ್ವಾಸಿಯೊ, ಎಳೆ ಮಾಂಸ ನಿಮಗೇ ಅಂತ ಎತ್ತಿಟ್ಟಿದೀನಿ” ಎಂದ. ಹೋಟೆಲಿನವನು ಮೇಜು ಒರೆಸಿದ. ಆ ಮೇಜು ಬಟ್ಟೆಯ ಮುಖ ಕಂಡು ಯಾವ ಕಾಲವಾಗಿತ್ತೋ. ಊರಿನ ಚರ್ಚಿನ ಪಾದ್ರಿಗಳು ಎದುರಾಗಿ, ಆಕಾಶ ನೋಡುತ್ತ, “ಗೋಪುರದ ಹೆಂಚು ತುಂಬಾ ಒಡೆದುಹೋಗಿದೆ ಮಗನೇ, ದೇವರು ಯಾರಿಗೆ ಪ್ರೇರಣೆ ಕೊಡ್ತಾನೋ” ಎಂದರು.

“ಯಾಕೆ ಎಲ್ಲರೂ ಹೀಗಾಡ್ತಿದೀರಿ?” ಎಂದು ಜೆರ್ವಾಸಿಯೊ ಹೋಟೆಲಿನವನನ್ನು ಕೇಳಿದ.

“ನಮಗೆಲ್ಲ ಗೊತ್ತಾಗಿದೆ ಬಿಡಿ. ಹಿತ್ತಲ ಗುಂಡಿ... ನೀಲಿ ಬಣ್ಣ...” ಎಂದು ಅವನು ಕಣ್ಣು ಹೊಡೆದ.

ಈಗ, ಒಳ್ಳೆಯ ಮನುಷ್ಯನಾದವನು ಏನು ಮಾಡಬೇಕಿತ್ತು? “ದೇವರಾಣೆ, ಗುಂಡಿಯಲ್ಲಿ ಸಿಕ್ಕಿದ್ದು ಎರೆಹುಳ” ಎನ್ನಬೇಕಿತ್ತು. ಜೆರ್ವಾಸಿಯೊ ಒಳ್ಳೆಯವನೇ, ಆದರೆ ಮೇಜು ಒರೆಸಿದ್ದರು. ಅವನು ಬಟ್ಟಲು ಕೆಳಗಿಟ್ಟು, ತುಟಿಯ ಒಂದೇ ತುದಿಯಿಂದ ನಕ್ಕು, ‘ಏನಿಲ್ಲ, ಏನಿಲ್ಲ’ ಎಂದು ರಾಗವಾಗಿ ಹೇಳಿದ. ಸುಳ್ಳಂತೂ ಆಡಲಿಲ್ಲ. ಆದರೆ ಅಂಥ ರಾಗದಲ್ಲಿ ನಿಜ ಹೇಳುವವನನ್ನು ಯಾವ ಸಂತನೂ ಕಾಪಾಡಲಾರ.

ಅಲ್ಲಿಂದ ಮುಂದೆ ಸಂಗತಿಗಳು ತಾವಾಗಿಯೇ ಓಡಿದವು. ಮನೆಯೊಡೆಯ ಸೆಯು ಬೆಲಾರ್ಮಿನು ಗುದ್ದಲಿ ತಂದು ತನ್ನ ಹಿತ್ತಲನ್ನು ತಾನೇ ಅಗೆಯತೊಡಗಿದ. ಮೊದಲು ಬಚ್ಚಲ ಗುಂಡಿ ಹೋಯಿತು. ಆಮೇಲೆ ನಿಂಬೆ ಗಿಡ ಹೋಯಿತು. ಕೊನೆಗೆ ಕೋಳಿಗೂಡು ಹೋಗಿ ಕೋಳಿಗಳು ಅಡಿಗೆಮನೆಯಲ್ಲಿ ನೆಲೆಸಿದವು.

“ಮಗನೇ,” ಎಂದ ಅವನು ಗುಂಡಿಯೊಳಗಿನಿಂದ ತಲೆ ಮಾತ್ರ ಹೊರಗೆ ಹಾಕಿ, “ಬಾಡಿಗೆಗೆ ಕೊಟ್ಟಿದ್ದು ರೂಮು. ಪಾತಾಳ ಅಲ್ಲ. ಕೆಳಗೆ ಸಿಕ್ಕಿದ್ದು ನಂದು.”

“ಏನೂ ಸಿಗಲಿಲ್ಲ ಸೆಯು ಬೆಲಾರ್ಮಿನು.”

“ಅಯ್ಯಯ್ಯೋ! ನೋಡು, ನೋಡು! ಏನೂ ಸಿಗಲಿಲ್ಲ ಅಂತಾನೆ! ಎಷ್ಟು ದೊಡ್ಡದು ಸಿಕ್ಕಿರಬೇಕು!”

ಇತ್ತ ದೂರದ ಊರಿನಿಂದ ದಾಯಾದಿ ತಮ್ಮ ಅದೆಮಿರ್, ಹೆಂಡತಿ ಮತ್ತು ಒಂದು ಹಾಸಿಗೆಯ ಸಮೇತ ಬಸ್ಸಿಳಿದ. ಜೆರ್ವಾಸಿಯೊನ ತಾಯಿ ತೀರಿಕೊಂಡಾಗ ಬಸ್ಸಿಲ್ಲವೆಂದು ಬರದಿದ್ದವನು.

“ಅಣ್ಣಾ, ನಿನ್ನ ನೆನಪಾಗಿ ನಿದ್ದೆನೇ ಬರಲಿಲ್ಲ.”

“ಹಾಸಿಗೆ ಯಾಕೋ?”

“ಇಲ್ಲಿ ಬಂದ ಮೇಲೆ ಬರುತ್ತಲ್ಲಾ, ನಿದ್ದೆ!”

ಇವೊನೆಚಿಗೆ ಸುದ್ದಿ ತಲುಪಿದ್ದು ಎಲ್ಲರಿಗಿಂತ ಕೊನೆಗೆ. ಬೆಳಗಿನ ಜಾವದಿಂದ ಒಲೆಯ ಮುಂದೆ ನಿಲ್ಲುವವಳಿಗೆ ಊರಿನ ಸುದ್ದಿ ಬನ್ನು ಕೊಳ್ಳುವವರ ಬಾಯಿಂದ ಬರಬೇಕು. ಬನ್ನು ಕೊಳ್ಳುವವರ ಬಾಯಲ್ಲೋ ಬನ್ನಿರುತ್ತದೆ. ಕೊನೆಗೆ ದೊನಾ ಜೆನೊವೇವಾ ಅಗಿಯುವುದನ್ನು ನಿಲ್ಲಿಸಿ ಹೇಳಿದರು. ಇವೊನೆಚಿ ಹಿಟ್ಟು ಮೆತ್ತಿದ ಕೈಯಲ್ಲೇ ಜೆರ್ವಾಸಿಯೊನ ರೂಮಿಗೆ ಹೊರಟಳು. ದಾರಿ ಬಿಡಿ ಎಂದು ಯಾರಿಗೂ ಹೇಳಬೇಕಾಗಲಿಲ್ಲ.

“ಎಲ್ಲಿ ಅದು?”

“ಯಾವುದು?”

“ಕಲ್ಲು.”

“ಏನಿಲ್ಲ, ಏನಿಲ್ಲ,” ಎಂದ ಜೆರ್ವಾಸಿಯೊ. ಇಷ್ಟು ದಿನ ಊರಿನವರಿಗೆ ಹೇಳಿ ಹೇಳಿ ರೂಢಿಯಾಗಿದ್ದರಿಂದ ಅದೇ ರಾಗ ಬಂದುಬಿಟ್ಟಿತು. ಹಾಳಾದ ನಗುವೂ ತುಟಿಯ ತುದಿಗೆ ತಾನಾಗಿ ಬಂದು ನಿಂತಿತು.

ಇವೊನೆಚಿ ಆ ನಗುವನ್ನು ನೋಡಿದಳು. ಕುಕ್ಕರಿನ ಮುಚ್ಚಳಗಳ ನಡುವೆ ಸ್ಟೂಲಿನ ಮೇಲೆ ಕುಳಿತಳು.

“ನನ್ನ ಗಂಡ ಸತ್ತ ದಿನ ನಿನಗೆ ನೆನಪಿದೆಯಾ? ನಾನು ಶವದ ಮುಂದೆ ಅಳ್ತಾ ಇದ್ದೆ. ನನಗಿಂತ ಜೋರಾಗಿ ಅಳ್ತಾ ಇನ್ನೊಬ್ಬಳು ಬಂದ್ಲು. ಪಕ್ಕದ ಊರಿನ ಹೆಂಡತಿಯಂತೆ! ಅವಳ ಕಪ್ಪು ಬಟ್ಟೆ ನನ್ನದಕ್ಕಿಂತ ಚೆನ್ನಾಗಿತ್ತು. ಆ ಮನುಷ್ಯ ಹದಿನಾಲ್ಕು ವರ್ಷ ನನ್ನ ಎದುರು ಕೂತು ಊಟ ಮಾಡಿದಾನೆ. ಏನಾದ್ರೂ ವಿಷಯ ಇದೆಯಾ ಅಂತ ಕೇಳಿದ್ರೆ ಏನಿಲ್ಲ, ಏನಿಲ್ಲ ಅನ್ನೋನು. ಹಿಂಗೇ. ಇದೇ ನಗು.”

ಜೆರ್ವಾಸಿಯೊ ನಗುವನ್ನು ತೆಗೆಯಲು ಹೋದ. ಅದು ತುಕ್ಕು ಹಿಡಿದ ಸ್ಕ್ರೂವಿನ ಹಾಗೆ ಬಿಡಿಸಿಕೊಳ್ಳಲೇ ಇಲ್ಲ.

“ನೀನು ಬಡವ ಅಂತ ಗೊತ್ತಿದ್ದೇ ನಾನು ಒಪ್ಪಿದ್ದು. ಬಡವನ್ನ ಸಹಿಸ್ತೀನಿ ಜೆರ್ವಾಸಿಯೊ. ಬಚ್ಚಿಡೋನ್ನ ಇನ್ನೊಂದು ಸಲ ಸಹಿಸೋ ಶಕ್ತಿ ನನಗಿಲ್ಲ. ನಿನ್ನ ಹತ್ರ ಕಲ್ಲಿದ್ರೆ ನಮಗೆ ಮದುವೆ ಇಲ್ಲ.”

“ದೇವರಾಣೆ ಇಲ್ಲ ಕಣೇ!”

“ಹಾಗಾದ್ರೆ ಇಲ್ಲ ಅಂತ ತೋರಿಸು,” ಎಂದು ಹೇಳಿ ಎದ್ದು ಹೋದಳು.

ಇರುವುದನ್ನು ತೋರಿಸುವುದು ಸುಲಭ. ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆದರಾಯಿತು. ಇಲ್ಲದ್ದನ್ನು ಎಲ್ಲಿ ಹಿಡಿದು, ಯಾವ ಬೆಳಕಿನಲ್ಲಿ ತೋರಿಸುವುದು? ಲೋಕದಲ್ಲಿ ಸಿರಿವಂತನೆಂದು ತೋರಿಸಿಕೊಳ್ಳಲು ಒದ್ದಾಡಿದವರು ಕೋಟಿ. ಬಡವನೆಂದು ತೋರಿಸಿಕೊಳ್ಳಲು ಬೆವರು ಹರಿಸಿದವನು ಬಹುಶಃ ಜೆರ್ವಾಸಿಯೊ ಒಬ್ಬನೇ.

ಅವನು ಚೌಕದ ನಟ್ಟನಡುವೆ ನಿಂತು ಎರಡೂ ಮೆಟ್ಟು ಕಳಚಿ, ತೂತಾದ ಕಾಲುಚೀಲ ಎತ್ತಿ ಹಿಡಿದ. “ನೋಡ್ರಪ್ಪ! ಕಲ್ಲಿದ್ದೋನು ಇಂಥದ್ದು ಹಾಕ್ತಾನಾ?” ಜನ ಚಪ್ಪಾಳೆ ತಟ್ಟಿದರು. “ಎಂಥ ತಲೆ ಕಣೋ ಇವನದು! ತೂತು ಕೂಡ ಎಷ್ಟು ಸಹಜವಾಗಿ ಮಾಡಿದಾನೆ!” ರೂಮಿನ ಬಾಗಿಲು ತೆರೆದಿಟ್ಟು, ಬಂದು ಹುಡುಕಿ ಎಂದ. ಬಂದು ಹುಡುಕಿದರು. ದಿಂಬು ಹರಿದರು. ಸಿಗದಿದ್ದಾಗ, “ಇಲ್ಲಿಟ್ಟಿಲ್ಲ ಅಂತಾಯ್ತು. ಇಲ್ಲಿಗಿಂತ ಭದ್ರವಾದ ಕಡೆ ಇಟ್ಟಿದಾನೆ” ಎಂದು ಗೌರವದಿಂದ ಹೊರಟರು. ಪಾದ್ರಿಗಳ ಬಳಿ ಹೋಗಿ, “ನನ್ನ ಹತ್ರ ಏನೂ ಇಲ್ಲ ಅಂತ ಭಾನುವಾರ ಪೂಜೇಲಿ ನೀವೇ ಹೇಳಿಬಿಡಿ ಫಾದರ್” ಎಂದು ಅಂಗಲಾಚಿದ. ಪಾದ್ರಿಗಳು ಸಾಧುಗಳು. ಅವನ ತಲೆ ಸವರಿ, “ಹೇಳಬಹುದು ಮಗನೇ. ಆದರೆ ನಾನು ಹೇಳಿದರೆ, ನನಗೂ ಪಾಲು ಬಂದಿದೆ ಅಂತಾರೆ” ಎಂದರು.

ಅದೆಮಿರ್ ಮಾತ್ರ ಹಾಸಿಗೆಯ ಮೇಲಿನಿಂದ, “ನನಗೊಬ್ಬನಿಗೆ ಕಿವಿಯಲ್ಲಿ ಹೇಳು ಅಣ್ಣಾ, ಸಾಕು” ಎನ್ನುತ್ತಿದ್ದ.

ಕೊನೆಗೆ ಜೆರ್ವಾಸಿಯೊ ಇವೊನೆಚಿಯ ಒಲೆಯ ಮುಂದೆ ಹೋಗಿ ನಿಂತ. ಕಣ್ಣು ಗುಳಿಬಿದ್ದಿತ್ತು. ನಗು ಯಾವಾಗಲೋ ತಾನಾಗಿ ಉದುರಿಹೋಗಿತ್ತು.

“ಕಾಫಿಗೋಸ್ಕರ ಕಣೇ. ಆ ಯಜಮಾನರ ಮಗನಿಗೆ ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ನನಗೆ ತಲೆ ಕೂಡ ಎತ್ತಲಿಲ್ಲ. ಅದಕ್ಕೇ ಬೇರೆ ಬೇರೆ ಅಂದುಬಿಟ್ಟೆ. ಅಷ್ಟೇ. ಅದರ ಹಿಂದೆ ಏನೂ ಇಲ್ಲ.”

ಇವೊನೆಚಿ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಆದರೆ ಸ್ವಲ್ಪ ಮೆಲ್ಲಗೆ ನಾದಿದಳು.

“ಕರಾರು ಬೇಕು ಅಂದೋನು ನೀನೇ ತಾನೆ? ಆಗಲಿ. ನಿನ್ನದು ಏನೇನಿದೆ, ಎಲ್ಲಾ ಬರೆಸು. ನನ್ನದನ್ನೂ ಬರೆಸ್ತೀನಿ. ಕೊನೇಲಿ ನಂದೊಂದು ಸಾಲು ಸೇರಿಸ್ತೀನಿ. ಊರೆದುರಿಗೇ ಓದಲಿ.”

“ಏನು ಸಾಲು?”

“ಓದಿದಾಗ ಕೇಳು.”

ಗೊತ್ತುಮಾಡಿದ ದಿನ ನೋಂದಣಿ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಯು ಬೆಲಾರ್ಮಿನು ಗುದ್ದಲಿಯ ಸಮೇತ ಬಂದಿದ್ದ. ಅದೆಮಿರ್ ಮುಂದಿನ ಸಾಲು ಹಿಡಿದಿದ್ದ. ದೊನಾ ಜೆನೊವೇವಾ ಇಡೀ ಜಪಸರದ ಕೂಟವನ್ನು ಕರೆತಂದಿದ್ದರು. ಪತ್ರವನ್ನು ಇಬ್ಬರಿಗೂ ಓದಿ ಹೇಳಿದ ಮೇಲೆಯೇ ರುಜು ಹಾಕಿಸಬೇಕೆಂಬುದು ಕಾಯಿದೆ. ಸೆಯು ಒನೊರಾತು ಪ್ರಾಯದಲ್ಲಿ ಚರ್ಚಿನ ಮೇಳದಲ್ಲಿ ಹಾಡಿದವರು. ಕ್ರಯಪತ್ರವಾಗಲಿ, ಮರಣಪತ್ರವಾಗಲಿ, ಅವರ ಬಾಯಲ್ಲಿ ಎಲ್ಲವೂ, ಪ್ರತಿ ಹೆಸರಿಗೂ ಭಕ್ತರು ಮರುನುಡಿ ಹೇಳುವ ಸಂತರ ಸ್ತುತಿಮಾಲೆಯ ಧಾಟಿಯಲ್ಲೇ ಹೊರಡುತ್ತಿತ್ತು.

ಮೊದಲು ಇವೊನೆಚಿಯದು: ಮಣ್ಣಿನ ಒಲೆಯಿರುವ ಒಂದು ಮನೆ, ಹಿಟ್ಟಿನ ಮೇಜು, ತಗಡುಗಳು, ಕೋಳಿಗಳು, ಬಾವಿ. ಅದು ಬೇಗ ಮುಗಿಯಿತು. ಯಾರಿಗೂ ಅದರಲ್ಲಿ ಆಸಕ್ತಿಯಿರಲಿಲ್ಲ. ಆಮೇಲೆ ಅವರು ಗಂಟಲು ಸರಿಮಾಡಿಕೊಂಡರು. ಜನ ಮುಂದಕ್ಕೆ ಬಾಗಿದರು.

“ವರನ ಸ್ವತ್ತು. ಇಕ್ಕಳ, ಹಿಡಿ ಸಡಿಲವಾದದ್ದೂ...” ಎಂದು ಒನೊರಾತು ಎಳೆದು ನಿಲ್ಲಿಸಿದರು.

ಧಾಟಿ ಕಿವಿಗೆ ಬಿದ್ದದ್ದೇ ತಡ, ಜಪಸರದ ಹೆಂಗಸರ ಬಾಯಿಂದ ರೂಢಿಯ ಬಲದಿಂದ ಒಂದೇ ಸ್ವರದಲ್ಲಿ ಹೊರಟಿತು: “ನಮಗಾಗಿ ಪ್ರಾರ್ಥಿಸಿರಿ.”

ಒನೊರಾತು ಕನ್ನಡಕದ ಮೇಲಿನಿಂದ ನೋಡಿದರು. ಹೆಂಗಸರು ನಾಲಿಗೆ ಕಚ್ಚಿಕೊಂಡರು. ಓದು ಮುಂದುವರಿಯಿತು.

“ಪಾತ್ರೆಗಳಿಲ್ಲದ ಕುಕ್ಕರ್ ಮುಚ್ಚಳಗಳೂ...”

“ನಮಗಾಗಿ ಪ್ರಾರ್ಥಿಸಿರಿ.”

“ಚೈನು ಕಳೆದ ಸೈಕಲ್ಲೂ...”

“ನಮಗಾಗಿ ಪ್ರಾರ್ಥಿಸಿರಿ.”

“ಒಂದು ಕಾಲು ಇಟ್ಟಿಗೆಯ ಮೇಲೆ ನಿಂತಿರುವ ಮಂಚವೂ...”

“ನಮಗಾಗಿ ಪ್ರಾರ್ಥಿಸಿರಿ,” ಎಂದರು ಹೆಂಗಸರು, ಈಗ ನಿಜವಾದ ಕನಿಕರದಿಂದ. ಮುಂದಿನ ಸಾಲಿನಲ್ಲಿ ಅದೆಮಿರನ ಮುಖ ಪ್ರತಿ ವಸ್ತುವಿಗೂ ಒಂದೊಂದು ಇಂಚು ಉದ್ದವಾಗುತ್ತಿತ್ತು.

“ಸ್ವತ್ತು ಮುಗಿಯಿತು,” ಎಂದರು ಒನೊರಾತು.

“ಮುಗಿಯಿತಾ? ಕಲ್ಲು?” ಸೆಯು ಬೆಲಾರ್ಮಿನು ಗುದ್ದಲಿಯನ್ನು ನೆಲಕ್ಕೆ ಕುಟ್ಟಿದ. “ಬರೆಸಿಲ್ಲ! ಬಚ್ಚಿಟ್ಟಿದಾನೆ ಅನ್ನೋಕೆ ಇನ್ನೇನು ಸಾಕ್ಷಿ ಬೇಕು?”

“ತಡೀರಿ. ವಧು ಸೇರಿಸಿದ ಕೊನೆಯ ಸಾಲಿದೆ.” ಒನೊರಾತು ಹಾಳೆಯನ್ನು ಬೆಳಕಿಗೆ ಹಿಡಿದರು. “ಮೇಲೆ ಹೇಳಿದ್ದನ್ನು ಬಿಟ್ಟು, ವರನು ಇಲ್ಲಿಯವರೆಗೆ ಯಾವುದೇ ಹರಳು, ಕಲ್ಲು, ಲೋಹವನ್ನು ಪಡೆದಿದ್ದು ಎಂದಾದರೂ ಕಂಡುಬಂದಲ್ಲಿ, ಅದು ಪೂರ್ತಿಯಾಗಿ, ಮರುಮಾತಿಲ್ಲದೆ, ಮನೆಯೊಡೆಯ ಬೆಲಾರ್ಮಿನು ಅವರಿಗೆ ಸೇರತಕ್ಕದ್ದು.”

ಬಾಯಿಂದ ‘ಇಲ್ಲ’ ಎನ್ನುವುದು ಬೇರೆ. ಅದಕ್ಕೆ ಪೆದ್ರಾ ಮಾನ್ಸಾದಲ್ಲಿ ಬೆಲೆಯಿಲ್ಲ. ಆದರೆ ಕಲ್ಲಿರುವವನು, ಅದೂ ಮಳೆಗಾಲದಲ್ಲಿ ಸೋರುವ ರೂಮಿಗೆ ಬಾಡಿಗೆ ಹೆಚ್ಚಿಸಿದ ಬೆಲಾರ್ಮಿನು ಹೆಸರಿಗೆ ಅದನ್ನು ಬರೆದುಕೊಡುವುದೆಂದರೆ, ಬೆರಳೇ ಏಳಲಾರದು. ಎಲ್ಲರ ಕಣ್ಣೂ ಜೆರ್ವಾಸಿಯೊನ ಕೈಯ ಮೇಲೆ. ಬೆಲಾರ್ಮಿನು ಮೇಜಿನ ಮೇಲೆ ಗಲ್ಲವಿಟ್ಟೇ ನೋಡುತ್ತಿದ್ದ. ಇವೊನೆಚಿಯೂ ನೋಡುತ್ತಿದ್ದಳು, ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಜೆರ್ವಾಸಿಯೊ ಪೆನ್ನು ಕಿತ್ತುಕೊಂಡು ಒಂದೇ ಉಸಿರಿಗೆ ರುಜು ಹಾಕಿದ. ಆತುರಕ್ಕೆ ಹಾಳೆ ತೂತಾಯಿತು. ಇನ್ನೊಂದು ಬೇಕಾದರೂ ಹಾಕುತ್ತೇನೆಂಬಂತೆ ಸುತ್ತ ನೋಡಿದ.

“ಅಯ್ಯೋ,” ಎಂದು ಬೆಲಾರ್ಮಿನು ಗುದ್ದಲಿ ಬಿಟ್ಟು ತಲೆಯ ಮೇಲೆ ಕೈಯಿಟ್ಟ. “ನಡುಗಲೇ ಇಲ್ಲ! ಕೈ ನಡುಗಲೇ ಇಲ್ಲವಲ್ಲೋ! ನನ್ನ ನಿಂಬೆ ಗಿಡ!”

ಅದೆಮಿರ್ ಹೆಂಡತಿಯ ಕಡೆ ತಿರುಗಿ, ಮಧ್ಯಾಹ್ನದ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದ. ಕಟುಕ, “ಏಯ್ ಕುಕ್ಕರ್, ಎಳೆ ಮಾಂಸ ತಗೊಂಡು ಹೋದ್ಯಲ್ಲೋ” ಎಂದು ಹಿಂದಿನಿಂದ ಕೂಗಿದ. ಕಚೇರಿಯಲ್ಲಿದ್ದ ಇಡೀ ಊರಿಗೆ ಮನೆಯಲ್ಲಿ ಯಾರೋ ತೀರಿಕೊಂಡಷ್ಟು ದುಃಖವಾಯಿತು.

ಒಬ್ಬಳಿಗೆ ಮಾತ್ರ ಆಗಲಿಲ್ಲ. ಇವೊನೆಚಿ ಮೊದಲು ತುಟಿ ಬಿಗಿಹಿಡಿದಳು. ಆಮೇಲೆ ಹೆಗಲು ಕುಲುಕಿತು. ಆಮೇಲೆ ಕಣ್ಣಿನಿಂದ ನೀರು ಬರುವಂತೆ, ಹೊಟ್ಟೆ ಹಿಡಿದುಕೊಂಡು, ನೆರೆದವರಿಗೆ ಹುಚ್ಚು ಹಿಡಿಯಿತೇನೋ ಎನಿಸುವಂತೆ ನಕ್ಕಳು.

“ಏನೂ ಇಲ್ಲ! ನಿಜವಾಗ್ಲೂ ಏನೂ ಇಲ್ಲ ಇವನ ಹತ್ರ!” ಎಂದು ದೊನಾ ಜೆನೊವೇವಾ ಅವರನ್ನು ತಬ್ಬಿಕೊಂಡಳು. “ಒಂದು ಹರಳೂ ಇಲ್ಲ ಕಣಕ್ಕ! ಪಕ್ಕದ ಊರಲ್ಲಿ ಕೂಡ ಇಲ್ಲ!”

ಪೆನ್ನು ತೆಗೆದುಕೊಂಡು, ತೂತಿನ ಪಕ್ಕದಲ್ಲಿ, ಅಕ್ಷರಗಳನ್ನು ಒಂದೊಂದಾಗಿ ಕೂರಿಸಿ ತನ್ನ ಹೆಸರು ಬರೆದಳು. “ಇಪ್ಪತ್ತನೇ ತಾರೀಕು ಬೆಳಿಗ್ಗೆ ಚರ್ಚಿಗೆ ಬಾ. ಬೇರೆ ಕಾಲುಚೀಲ ಹಾಕ್ಕೊಂಡು ಬಾ,” ಎಂದಳು.

ಜೆರ್ವಾಸಿಯೊನಿಗೆ ಈ ಕ್ಷಣಕ್ಕೆ ತಕ್ಕ ದೊಡ್ಡ ಮಾತೊಂದನ್ನು ಆಡದಿದ್ದರೆ ತಾನು ಮನುಷ್ಯನೇ ಅಲ್ಲವೆನ್ನಿಸಿತು. ಅವನು ಮೇಜಿನ ಕಡೆ ತಿರುಗಿದ.

“ಸೆಯು ಒನೊರಾತು, ಮೂರನೇ ತರಹದ್ದೂ ಒಂದಿದೆಯಂತಲ್ಲ?”

“ಇದೆ. ಮದುವೆಗೆ ಮುಂಚಿನದು, ಆಮೇಲಿನದು, ಎಲ್ಲಾ ಕಲೆಸಿ ಇಬ್ಬರದೂ. ಬೇಕಾದ್ರೆ ಈ ಪತ್ರ ರದ್ದು ಮಾಡಿ ಅದನ್ನೇ ಬರೀಬಹುದು. ಇಬ್ಬರೂ ಒಪ್ಪಬೇಕು, ಅಷ್ಟೆ.”

ಜೆರ್ವಾಸಿಯೊ ಇವೊನೆಚಿಯ ಎರಡೂ ಕೈ ಹಿಡಿದುಕೊಂಡ. ಹೆಂಗಸರು ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡರು. ಬೆಲಾರ್ಮಿನು ಕೂಡ ಮೂಗೊರೆಸಿಕೊಂಡ.

“ಬೇರೆ ಬೇರೆ ಅಂತ ನನ್ನ ಬಾಯಲ್ಲಿ ಬಂದಿದ್ದೇ ತಪ್ಪು ಇವೊನೆಚಿ. ಇದನ್ನ ಹರಿದು ಹಾಕಿಬಿಡೋಣ. ಇನ್ನು ಮೇಲೆ ನಂದೆಲ್ಲಾ ನಿಂದು, ನಿಂದೆಲ್ಲಾ ನಂದು. ಹಾಗೇ ಬರೆಸೋಣ, ಹ್ಞೂಂ ಅನ್ನು.”

ಇವೊನೆಚಿ ಪತ್ರದಲ್ಲಿ ತನ್ನ ಮನೆ, ಬಾವಿ ಇದ್ದ ಸಾಲನ್ನೊಮ್ಮೆ ನೋಡಿ, ಆಮೇಲೆ ಅವನ ಕಣ್ಣೊಳಗೆ ತುಂಬಾ ಹೊತ್ತು, ತುಂಬಾ ಪ್ರೀತಿಯಿಂದ ನೋಡಿದಳು.

“ಆಗಲ್ಲ,” ಎಂದಳು.